ಗಂಟು ಬಿಟ್ಟು ಹೊರಟ ಮಂಗಳವಾರ

ಮಂಗಳವಾರ ಹೆಣ್ಣುಮಕ್ಕಳು ಪ್ರಯಾಣ ಹೊರಡಬಾರದು ಎಂದು ಅಮ್ಮ ಹೇಳಿದಾಗ ನಾನು ವಾದಕ್ಕೆ ನಿಲ್ಲಲಿಲ್ಲ. ಇಪ್ಪತ್ತೆರಡು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ದುಡಿದವಳು ನಾನು. ಯಾರ ಜೊತೆಗಿನ ಜಗಳ ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗುತ್ತದೆ, ಯಾರದು ಡಿಪೋದವರೆಗೂ ಜೊತೆಗೆ ಬರುತ್ತದೆ ಎಂದು ಮುಖ ನೋಡಿದರೇ ಗೊತ್ತಾಗುತ್ತದೆ. ಅಮ್ಮನದು ಡಿಪೋದವರೆಗೆ ಬರುವ ಜಾತಿ.

ಹೊರಡುವುದು ಮಂಗಳವಾರವೇ ಆಗಬೇಕೆಂದು ನಾನು ಹಟ ಹಿಡಿದದ್ದಕ್ಕೂ ದೊಡ್ಡ ಕಾರಣವೇನಿರಲಿಲ್ಲ. ಅಷ್ಟೂ ವರ್ಷ ನನ್ನ ವಾರದ ರಜೆ ಮಂಗಳವಾರ. ಬಟ್ಟೆ ಒಗೆಯುವುದು, ರಾಗಿ ಮಿಲ್ಲಿಗೆ ಹೋಗುವುದು, ಊದಿದ ಕಾಲಿಗೆ ಬಿಸಿನೀರು ಹಾಕಿಕೊಳ್ಳುವುದು, ಇಷ್ಟರಲ್ಲೇ ಅದು ಮುಗಿದುಹೋಗುತ್ತಿತ್ತು. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಒಂದು ಮಂಗಳವಾರವನ್ನಾದರೂ ನನ್ನ ಮನಸ್ಸಿಗೆ ಬಂದ ಹಾಗೆ ಕಳೆಯಬೇಕು ಅನ್ನಿಸಿತ್ತು. ಯಲಹಂಕದಿಂದ ಯಶವಂತಪುರ, ಯಶವಂತಪುರದಿಂದ ಯಲಹಂಕ, ಮಗ್ಗದ ಲಾಳಿಯ ಹಾಗೆ ಓಡಾಡಿ ಸಾಕಾಗಿತ್ತು. ಒಬ್ಬಳೇ ಸೈಕಲ್ಲಿನಲ್ಲಿ ಬೀದರಿನ ತನಕ ಹೋಗುತ್ತೇನೆ ಎಂದು ತೀರ್ಮಾನ ಮಾಡಿದೆ. ಬೀದರೇ ಯಾಕೆಂದರೆ ನಕ್ಷೆಯಲ್ಲಿ ಅದು ನಮ್ಮ ರಾಜ್ಯದ ನೆತ್ತಿಯ ಮೇಲಿದೆ. ಹೋದರೆ ಕೊನೆಯ ಸ್ಟಾಪಿನ ತನಕ ಹೋಗಬೇಕು ಎನ್ನುವುದು ನನ್ನ ಲೆಕ್ಕ.

ಅಲ್ಲಾಳಸಂದ್ರದ ನಮ್ಮ ಬೀದಿಯವರು ನಕ್ಕರು. ಊರು ಹೋಗು ಅನ್ನುವ, ಕಾಡು ಬಾ ಅನ್ನುವ ವಯಸ್ಸಿನಲ್ಲಿ ಸೈಕಲ್ಲೇ ಎಂದು ಎದುರು ಮನೆಯಾಕೆ ಕೇಳಿದಳು. ನನಗೆ ಐವತ್ತೆರಡು, ಕಾಡು ಇನ್ನೂ ಕರೆದಿರಲಿಲ್ಲ. ಗಂಡ ತೀರಿಕೊಂಡು ಎಂಟು ವರ್ಷವಾಯಿತು, ಮಕ್ಕಳಿಲ್ಲ, ಹೇಳುವವರು ಕೇಳುವವರು ಇಲ್ಲದ ಮೇಲೆ ಹೀಗೇ ಆಗುವುದು ಎಂದು ಇನ್ನೊಬ್ಬಳು ನನಗೆ ಕೇಳುವಷ್ಟು ಜೋರಾಗಿಯೇ ಹೇಳಿದಳು. ಕೇಳಲಿ ಎಂದೇ ಹೇಳಿದ್ದು.

ಅಮ್ಮ ಮಾತ್ರ ನಗಲಿಲ್ಲ. ದಾರಿ ಹುಡುಕಿಕೊಟ್ಟಳು. ಒಳ್ಳೆಯದಲ್ಲದ ದಿನ ಹೊರಡಲೇಬೇಕಾದರೆ ಅದಕ್ಕೂ ನಮ್ಮವರಲ್ಲಿ ಒಂದು ಉಪಾಯವಿದೆ. ಎರಡು ದಿನ ಮುಂಚೆ ಒಳ್ಳೆ ಗಳಿಗೆಯಲ್ಲಿ ನಮ್ಮ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಪ್ರಸ್ಥಾನ ಇಡುವುದು ಎನ್ನುತ್ತಾರೆ. ಗಂಟು ಹೊಸ್ತಿಲು ದಾಟಿತೆಂದರೆ ನಾವೂ ಹೊರಟಂತೆಯೇ. ಆಮೇಲೆ ಯಾವ ಕೆಟ್ಟ ವಾರವಾದರೂ ಸರಿ, ಗಂಟನ್ನು ಅಲ್ಲಿಂದಲೇ ಎತ್ತಿಕೊಂಡು ಮುಂದೆ ನಡೆಯಬೇಕು, ಮನೆಗೆ ವಾಪಸ್ ತರಬಾರದು. ದೇವರ ಕಣ್ಣಿಗೇ ಮಣ್ಣೆರಚುವ ಇಂಥ ಬುದ್ಧಿ ನಮ್ಮ ಹಿರಿಯರಿಗೆ ಎಲ್ಲಿಂದ ಬಂತೋ ಕಾಣೆ.

ಸಾಮಾನ್ಯವಾಗಿ ಇಡುವುದು ಒಂದು ರವಿಕೆ ಕಣ, ನಾಲ್ಕು ಅಡಿಕೆ, ಒಂದು ಅರಿಸಿನದ ಕೊಂಬು, ಅಷ್ಟೇ. ಅಮ್ಮ ಅಷ್ಟು ಸಾಲದು ಅಂದಳು. ಒಂದು ತುಂಡು ಬಟ್ಟೆ ಇಟ್ಟು ನಾನೇ ಹೊರಟೆ ಅಂದರೆ ದೇವರು ನಂಬುವುದಿಲ್ಲ, ಇಷ್ಟು ದೂರದ ಪ್ರಯಾಣಕ್ಕೆ ಪೂರ್ತಿ ಗಂಟೇ ಇಡಬೇಕು, ಬೇರೆ ಯಾರ ಮನೆಯಲ್ಲೂ ಬೇಡ, ತವರಿನಲ್ಲೇ ಇಡು ಅಂದಳು. ಸೈಕಲ್ಲಿನ ಹಿಂದೆ ಎರಡೂ ಬದಿಗೆ ನೇತುಹಾಕುವ ಚೀಲಗಳನ್ನು ನಾನು ಹದಿನೈದು ದಿನ ಕೂತು ಜೋಡಿಸಿದ್ದೆ. ಬಟ್ಟೆ, ಮಳೆ ಕೋಟು, ಗಾಳಿ ಪಂಪು, ಪಂಕ್ಚರ್ ಸಾಮಾನು, ಬಿ.ಪಿ. ಮಾತ್ರೆ ಎಲ್ಲವೂ ಅದರಲ್ಲೇ. ಭಾನುವಾರ ಬೆಳಗ್ಗೆ ಅವನ್ನು ಆಟೋದಲ್ಲಿ ಹಾಕಿಕೊಂಡು ಯಲಹಂಕದ ಪಕ್ಕದ ನನ್ನ ತವರೂರು ಸಿಂಗಾಪುರಕ್ಕೆ ಹೋಗಿ, ಅಮ್ಮ ಇರುವ ಅಣ್ಣನ ಮನೆಯ ದೇವರ ಕೋಣೆಯಲ್ಲಿ ಇಟ್ಟು ಕೈಮುಗಿದು ಬಂದೆ. ನಂಬಿಕೆ ಇಲ್ಲದವಳು ಅಮ್ಮನ ಸಮಾಧಾನಕ್ಕೆಂದು ಮಾಡಿದ ಕೆಲಸ. ನನ್ನ ಇಡೀ ಜೀವನದಲ್ಲಿ ಇಷ್ಟು ದೊಡ್ಡ ದಡ್ಡತನ ಮಾಡಿದ ನೆನಪಿಲ್ಲ.

ಅಣ್ಣನ ವಿಷಯ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಸಿಂಗಾಪುರದಲ್ಲಿ ನಮ್ಮದು ಹಳೇ ಒಕ್ಕಲು ಮನೆ. ನಾನು ಚಿಕ್ಕವಳಿದ್ದಾಗ ರಾಗಿ, ಅವರೆ ಬೆಳೆಯುತ್ತಿದ್ದ ಹೊಲವೆಲ್ಲ ಸೈಟುಗಳಾಗಿ ಹೋಯಿತು. ಕೊನೆಗೆ ಉಳಿದದ್ದು ಅಪ್ಪ ಕಟ್ಟಿಸಿದ ಮನೆ ಮತ್ತು ಅದರ ಹಿಂದಿನ ಖಾಲಿ ಜಾಗ. ಅದನ್ನು ಬಿಲ್ಡರ್ ಒಬ್ಬರಿಗೆ ಕೊಟ್ಟು ಅಪಾರ್ಟ್‌ಮೆಂಟ್ ಎಬ್ಬಿಸಿ, ಬರುವ ಮನೆಗಳನ್ನೆಲ್ಲ ತಾನೇ ಇಟ್ಟುಕೊಳ್ಳಬೇಕೆಂಬುದು ಅಣ್ಣನ ಯೋಜನೆ. ಅದಕ್ಕೆ ನಾನು ನನ್ನ ಹಕ್ಕು ಬಿಟ್ಟಿದ್ದೇನೆ ಎಂದು ಸಹಿ ಹಾಕಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ಹಾಕುತ್ತಾರೆ. ಒಂದು ಸೀರೆ, ಒಂದು ಊಟ, ಒಂದು ಸಹಿ. ಎರಡು ವರ್ಷದಿಂದ ಅವನು ಕೇಳುತ್ತಲೇ ಇದ್ದ, ನಾನು ನೋಡೋಣ ನೋಡೋಣ ಅನ್ನುತ್ತಲೇ ಇದ್ದೆ.

ಮಂಗಳವಾರ ಬೆಳಗ್ಗೆ ಐದೂವರೆಗೆ ಬರಿ ಸೈಕಲ್ ತುಳಿದುಕೊಂಡು ಅಟ್ಟೂರು ಲೇಔಟ್ ದಾಟಿ ಸಿಂಗಾಪುರಕ್ಕೆ ಹೋದೆ. ಸೊಂಟಕ್ಕೆ ಕಟ್ಟಿಕೊಂಡ ಸಣ್ಣ ಚೀಲದಲ್ಲಿ ಮೊಬೈಲು, ಬ್ಯಾಂಕಿನ ಕಾರ್ಡು ಮಾತ್ರ ಇದ್ದವು. ಹಿಂದಿನ ರಾತ್ರಿ ಖುಷಿಗೆ ನಿದ್ದೆ ಬಂದಿರಲಿಲ್ಲ. ಅಣ್ಣ ಗೇಟಿನಲ್ಲೇ ನಿಂತಿದ್ದ. ಒಂಬತ್ತು ಗಂಟೆಗೆ ಮುಂಚೆ ಏಳದ ಮನುಷ್ಯ ಇಸ್ತ್ರಿ ಅಂಗಿ ಹಾಕಿ ನಿಂತದ್ದು ನೋಡಿ, ಪರವಾಗಿಲ್ಲ, ಕಳಿಸಿಕೊಡಲು ಎದ್ದಿದ್ದಾನೆ ಅಂದುಕೊಂಡೆ. ಅಷ್ಟರಮಟ್ಟಿಗೆ ಪೆದ್ದಿ.

ದೇವರ ಕೋಣೆಗೆ ಬೀಗ ಬಿದ್ದಿತ್ತು.

"ಹನ್ನೊಂದು ಗಂಟೆಗೆ ರಿಜಿಸ್ಟ್ರಾರ್ ಆಫೀಸಲ್ಲಿ ಟೈಮ್ ತಗೊಂಡಿದೀನಿ," ಅಂದ ಅಣ್ಣ. "ಬಂದು ಸೈನ್ ಹಾಕು. ಆಮೇಲೆ ಬೀದರಿಗಾದ್ರೂ ಹೋಗು, ಕಾಶಿಗಾದ್ರೂ ಹೋಗು. ಬ್ಯಾಗು ನಾನೇ ಕಾರಲ್ಲಿ ತಂದ್ಕೊಡ್ತೀನಿ."

ಮೊದಲು ಚೀಲ ಕೊಡು, ಸಹಿಯ ಮಾತು ನಾನು ವಾಪಸ್ ಬಂದ ಮೇಲೆ ನೋಡೋಣ ಅಂದೆ. ನೀನು ಬರುವಷ್ಟರಲ್ಲಿ ಬಿಲ್ಡರ್ ಬೇರೆ ಜಾಗ ನೋಡಿಕೊಂಡಿರುತ್ತಾರೆ, ದಾರಿಯಲ್ಲಿ ಲಾರಿ ಕೆಳಗೆ ಹೋದರೆ ನಿನ್ನ ಸಹಿ ಯಾರ ಹತ್ತಿರ ಕೇಳಲಿ ಅಂದ. ನಾಲ್ಕು ಮೆಟ್ಟಿಲ ಮೇಲೆ ನಿಂತು, ತಂಗಿಯ ಮುಖ ನೋಡಿಕೊಂಡು, ಕರೆಂಟ್ ಬಿಲ್ಲಿನ ವಿಷಯ ಹೇಳುವ ಹಾಗೆ ಹೇಳಿದ. ನನ್ನ ಮೈಯೆಲ್ಲ ಉರಿಯಿತು. ಅತ್ತಿಗೆ ಕಾಫಿ ತಂದು ನಡುವೆ ಹಿಡಿದಳು. ಮುಟ್ಟಲಿಲ್ಲ.

ಅಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಸೈಕಲ್ ತಿರುಗಿಸಿದ್ದನ್ನು ನೋಡಿ ಮೊದಲ ಬಾರಿ ಬಾಯಿ ಬಿಟ್ಟಳು.

"ಇಟ್ಟ ಗಂಟು ಬಿಟ್ಟು ಓದ್ರೆ, ಓದೋರು ತಿರುಗಿ ಬರಲ್ಲ ಕಣೇ. ಇಂಗೆ ಓಗ್ಬೇಡ."

ಪಾಪ, ಅವಳಿಗೆ ನನ್ನ ಜೀವದ ಭಯ ಅಂದುಕೊಂಡೆ. ಹನ್ನೊಂದರ ತನಕ ಕಾದರೆ ಸಹಿ ಹಾಕಿಯೇ ಎದ್ದು ಬರುತ್ತೇನೆ ಎಂದು ನನಗೆ ಗೊತ್ತಿತ್ತು. ತವರಿನ ಜಗಲಿಯಲ್ಲಿ ಐದು ಗಂಟೆ ಕೂತ ಹೆಣ್ಣುಮಕ್ಕಳು ಯಾರೂ ಸಹಿ ಹಾಕದೆ ಎದ್ದದ್ದಿಲ್ಲ. ಆ ಸಹಿ ಹಾಕಿದರೆ ಬೀದರಿಗೆ ಹೋಗುವುದು ಅಣ್ಣ ಕೊಟ್ಟ ರಜೆಯಾಗುತ್ತಿತ್ತು. ನಾನು ಬರಿಗೈಯಲ್ಲಿ ಹೊರಟೆ.

ಯಲಹಂಕ ದಾಟಿ ದೊಡ್ಡಬಳ್ಳಾಪುರದ ರಸ್ತೆ ಹಿಡಿಯುವವರೆಗೆ ನನಗೆ ರಸ್ತೆ ಕಂಡದ್ದೇ ಕಡಿಮೆ. ಬಾಯಲ್ಲಿ ಬೈಗುಳ ನಡೆಯುತ್ತಿತ್ತು, ಕಾಲು ಅದಕ್ಕೆ ತಾಳ ಹಾಕುತ್ತಿತ್ತು. ಕೋಪಕ್ಕೆ ಒಂದು ಗುಣವಿದೆ, ಏರು ಗೊತ್ತಾಗುವುದಿಲ್ಲ. ರಾಜಾನುಕುಂಟೆಯ ಹತ್ತಿರ ಬೈಕಿನಲ್ಲಿದ್ದ ಇಬ್ಬರು ಪಕ್ಕಕ್ಕೆ ಬಂದು, "ಆಂಟಿ, ಡೀಸೆಲ್ ಖಾಲಿನಾ?" ಎಂದು ಕೇಳಿ ನಗುತ್ತಾ ಹೋದರು. ಜಲ್ಲಿ ಲಾರಿಯೊಂದು ಮೈಮೇಲೆ ಬಂದಂತೆ ಬಂದು, ಕಣ್ಣಿಗೆ ಪುಡಿ ಎರಚಿ ಹೋಯಿತು. ಎಲ್ಲಕ್ಕಿಂತ ಸಿಟ್ಟು ಬಂದದ್ದು ಒಂದು ಸಿಟಿ ಬಸ್ಸಿನ ಮೇಲೆ. ಹಾರ್ನ್ ಒತ್ತಿಕೊಂಡೇ ಬಂದು ನನ್ನನ್ನು ಡಾಂಬರಿನಿಂದ ಮಣ್ಣಿಗೆ ಇಳಿಸಿತು. ಹಿಂದಿನ ಬಾಗಿಲಿನಲ್ಲಿ ನಿಂತ ಕಂಡಕ್ಟರಮ್ಮ ನನ್ನನ್ನು ನೋಡಿದಳು, ಮುಖ ತಿರುಗಿಸಿಕೊಂಡಳು. ನಮ್ಮ ಡ್ರೈವರು ಸೈಕಲ್ಲಿನವರನ್ನು ಹೀಗೆ ಇಳಿಸಿದಾಗ ನಾನೂ ಒಂದು ದಿನ ಅಯ್ಯೋ ಅಂದವಳಲ್ಲ. ಟೈಮಿಗೆ ಸರಿಯಾಗಿ ಹೋಗಬೇಕಲ್ಲ ಅನ್ನುತ್ತಿದ್ದೆ.

ದೊಡ್ಡಬಳ್ಳಾಪುರದಲ್ಲಿ ಇಡ್ಲಿ ತಿಂದು ಮೆಡಿಕಲ್ ಶಾಪಿನ ಮುಂದೆ ಮಾತ್ರೆಯ ಹೆಸರು ನೆನಪಿಸಿಕೊಳ್ಳುತ್ತಾ ನಿಂತಿದ್ದಾಗ ಫೋನು ಬಂತು. ಹನ್ನೊಂದು ಗಂಟೆ ಹೊಡೆದಿತ್ತು. ಅಣ್ಣ ಆಫೀಸಿನ ಮುಂದೆ ಕಾಯುತ್ತಿದ್ದ, ಸಾಕ್ಷಿಗಳನ್ನೂ ಕರೆದುಕೊಂಡು ಬಂದಿದ್ದನಂತೆ. ಕಾರು ಕಳಿಸುತ್ತೇನೆ, ಸೈಕಲ್ ಎಲ್ಲಾದರೂ ನಿಲ್ಲಿಸಿ ಹತ್ತಿಕೋ ಅಂದ. ಆಗುವುದಿಲ್ಲ ಅಂದಾಗ ಶಾಸ್ತ್ರಕ್ಕೆ ಬಂದ. ಅಣ್ಣ ಶಾಸ್ತ್ರ ಮಾತಾಡುವುದು ಇಂಥ ಹೊತ್ತಿನಲ್ಲಿ ಮಾತ್ರ.

"ನಿನ್ ಗಂಟು ಇನ್ನೂ ನಮ್ಮನೇಲೇ ಇದೆ. ಅಂದ್ರೆ ನೀನಿನ್ನೂ ಹೊರಟೇ ಇಲ್ಲ ಅಂತ ಲೆಕ್ಕ."

"ಹಂಗಾದ್ರೆ ಆ ಗಂಟಿನ ಹತ್ರಾನೇ ಸೈನ್ ಹಾಕಿಸ್ಕೋ," ಅಂದೆ.

ಮೆಡಿಕಲ್ ಶಾಪಿನವರು ತಲೆಯೆತ್ತಿ ನೋಡಿದರು. ಅಣ್ಣ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ ಅಂದು ಫೋನಿಟ್ಟ.

ನಿಜ ಹೇಳುತ್ತೇನೆ, ಆ ಜಾಗದ ಮೇಲೆ ನನಗೆ ಆಸೆ ಇರಲಿಲ್ಲ. ಅಲ್ಲಾಳಸಂದ್ರದಲ್ಲಿ ಕೆರೆಯಿಂದ ಸ್ವಲ್ಪ ದೂರಕ್ಕೆ ನನ್ನದೇ ಎರಡು ಕೋಣೆಯ ಮನೆ ಇದೆ, ಒಬ್ಬಳಿಗೆ ಹೆಚ್ಚೇ. ಅಣ್ಣ ಒಂದು ದಿನ ನನ್ನ ಮನೆಗೆ ಬಂದು, ಕೂತು, ನನಗೆ ಕಷ್ಟವಿದೆ ಕಣೇ ಅಂದಿದ್ದರೆ ಅಲ್ಲೇ ಹಾಕಿಕೊಡುತ್ತಿದ್ದೆನೋ ಏನೋ. ಅವನು ಬರಲಿಲ್ಲ. ಎರಡು ವರ್ಷ ಫೋನಿನಲ್ಲೇ ಕೇಳಿದ. ನನ್ನ ಹತ್ತಿರ ಇದ್ದದ್ದು ಆ ಕೋಪ ಒಂದೇ. ಅದು ಒಂದು ಕಾರಣವಲ್ಲ ಎಂದು ನನಗೂ ಗೊತ್ತಿತ್ತು.

ಮಾಕಳಿದುರ್ಗದ ಏರಿನಲ್ಲಿ ಹಿಂದಿನ ಚಕ್ರ ಪಂಕ್ಚರಾಯಿತು. ಪಂಪು, ಅಂಟು, ತೇಪೆ ಎಲ್ಲ ದೇವರ ಕೋಣೆಯಲ್ಲಿ ಭದ್ರವಾಗಿದ್ದವು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ತಳ್ಳಿಕೊಂಡು ನಡೆದೆ. ಎರಡು ಕಡೆಯೂ ಬಂಡೆ, ನೆರಳಿಗೆ ಸರಿಯಾದ ಒಂದು ಮರವೂ ಇಲ್ಲ. ದೊಡ್ಡಬಳ್ಳಾಪುರದಲ್ಲಿ ಕೊಂಡ ನೀರಿನ ಬಾಟಲಿ ಖಾಲಿಯಾಯಿತು. ಲಾರಿಗಳು ಹಿಂದಿನಿಂದ ಬಂದಾಗಲೆಲ್ಲ ಅಮ್ಮನ ಮಾತು ಕಿವಿಗೆ ಬೀಳುತ್ತಿತ್ತು. ನಂಬಿಕೆ ಇಲ್ಲದವಳಿಗೂ ಭಯ ಆಗುತ್ತದೆ, ಅದರಲ್ಲೇನೂ ಮುಚ್ಚುಮರೆಯಿಲ್ಲ. ಒಂದು ಮೋರಿಯ ಕಟ್ಟೆಯ ಮೇಲೆ ಕೂತು ಅತ್ತೆ. ಮೂಗು ಒರೆಸಲು ಕರವಸ್ತ್ರವೂ ಇರಲಿಲ್ಲವಲ್ಲ ಎಂದು ಇನ್ನೂ ಸಿಟ್ಟು ಬಂದು ಎದ್ದೆ.

ಏರು ಮುಗಿದ ಮೇಲೆ ಸಿಕ್ಕ ಪಂಕ್ಚರ್ ಅಂಗಡಿಯವನು ಸೈಕಲ್ಲನ್ನೂ ನನ್ನನ್ನೂ ಒಂದೇ ಥರ ತಿರುಗಿಸಿ ತಿರುಗಿಸಿ ನೋಡಿದ. ಟ್ಯೂಬನ್ನು ನೀರಿನಲ್ಲಿ ಮುಳುಗಿಸುತ್ತಾ, "ಮನೇಲಿ ಗಂಡಸ್ರು ಯಾರೂ ಇಲ್ವೇನಮ್ಮ?" ಅಂದ.

ಇದ್ದಾರೆ, ಅದಕ್ಕೇ ಬಂದದ್ದು ಅಂದೆ. ತೇಪೆ ಮಾತ್ರ ಚೆನ್ನಾಗಿ ಹಾಕಿದ, ಬೀದರಿನವರೆಗೂ ಬಿಡಲಿಲ್ಲ.

ಗೌರಿಬಿದನೂರು ಮುಟ್ಟುವಾಗ ಸಂಜೆ ಐದಾಗಿತ್ತು. ಬಸ್ ನಿಲ್ದಾಣದ ಹತ್ತಿರದ ಲಾಡ್ಜಿಗೆ ಹೋಗಿ ರೂಮು ಕೇಳಿದೆ. ಮೇಜಿನ ಹಿಂದಿದ್ದ ಮ್ಯಾನೇಜರು ನನ್ನ ಹಿಂದೆ ಇಣುಕಿ ನೋಡಿದರು.

"ಒಬ್ರೇನಾ? ಲಗೇಜ್ ಎಲ್ಲಿ?"

ಲಗೇಜ್ ಇಲ್ಲ ಅಂದೆ. ಹಾಗಾದರೆ ರೂಮಿಲ್ಲ ಅಂದರು. ಬರಿಗೈಯಲ್ಲಿ ಬರುವ ಹೆಂಗಸರು ಮನೆಯಲ್ಲಿ ಜಗಳ ಮಾಡಿಕೊಂಡೇ ಬಂದಿರುತ್ತಾರೆ, ಒಳಗೆ ಹೋಗಿ ಏನಾದರೂ ಮಾಡಿಕೊಂಡರೆ ನಾವು ಸ್ಟೇಷನ್ನು ತಿರುಗಬೇಕು ಎಂದು ಮುಖಕ್ಕೆ ಹೇಳಿದರು. ನಾನು ಮೊಬೈಲಿನಲ್ಲಿದ್ದ ಆಧಾರ್ ತೋರಿಸಿದೆ, ಕಂಡಕ್ಟರ್ ಆಗಿದ್ದೆ ಅಂದೆ, ಹೊರಗಿನ ಸೈಕಲ್ ತೋರಿಸಿದೆ. ಅದನ್ನು ನೋಡಿ ಅವರ ಅನುಮಾನ ಇನ್ನೂ ಹೆಚ್ಚಾಯಿತು. ಮನೆಯವರ ನಂಬರ್ ಕೊಡಿ, ಮಾತಾಡಿ ಕೊಡುತ್ತೇನೆ ಅಂದರು. ಕೊಟ್ಟಿದ್ದರೆ ಅಣ್ಣ ಒಂದೇ ಮಾತಿನಲ್ಲಿ ನನ್ನನ್ನು ಅಲ್ಲೇ ಕೂರಿಸಿ, ಕಾರು ಹತ್ತಿ ಬರುತ್ತಿದ್ದ. ಜಗಳ ಮಾಡಿಕೊಂಡು ಬಂದಿದ್ದೀರಿ ಎಂದು ಅವರು ಹೇಳಿದ್ದು ನೂರಕ್ಕೆ ನೂರು ನಿಜ, ಅದೇ ನನಗೆ ತಡೆಯಲಾಗಲಿಲ್ಲ.

ಬಜಾರಿಗೆ ಹೋದೆ. ಒಂದು ರೆಕ್ಸಿನ್ ಚೀಲ, ಟವೆಲು, ನೈಟಿ, ಒಂದು ಜೊತೆ ಚೂಡಿದಾರ, ಸೋಪು, ಬಾಚಣಿಗೆ ತೆಗೆದುಕೊಂಡೆ. ಆದರೂ ಚೀಲ ಜೋಲು ಮುಖ ಹಾಕಿಕೊಂಡೇ ಇತ್ತು. ದಿನಸಿ ಅಂಗಡಿಯವರ ಹತ್ತಿರ ಹಳೇ ಪೇಪರು ಕೇಳಿ ತುಂಬಿದೆ, ಉಬ್ಬಿಕೊಂಡಿತು. ಅದನ್ನು ಹೊತ್ತು ಅದೇ ಲಾಡ್ಜಿಗೆ ಹೋಗಿ ಮೇಜಿನ ಮೇಲೆ ಧೊಪ್ಪನೆ ಇಟ್ಟೆ. ಮ್ಯಾನೇಜರು ಚೀಲ ನೋಡಿದರು, ರಿಜಿಸ್ಟರ್ ತಿರುಗಿಸಿದರು, ಬೀಗದ ಕೈ ಕೊಟ್ಟರು. ಒಂದು ಗಂಟೆಯ ಹಿಂದೆ ಸಾಯಲು ಬಂದಿದ್ದವಳು ಈಗ ಮರ್ಯಾದಸ್ಥೆ. ಸೈಕಲ್ಲನ್ನು ಜನರೇಟರ್ ಪಕ್ಕ ನಿಲ್ಲಿಸಿ ಅಂತಲೂ ಹೇಳಿದರು.

ಸ್ನಾನ ಮಾಡಿ ಮಂಚದ ಮೇಲೆ ಕಾಲು ಚಾಚಿದ್ದೆ, ಏಳು ಗಂಟೆಯಿರಬೇಕು, ಅಮ್ಮನ ಫೋನು ಬಂತು. ಅವಳ ಬಟನ್ ಫೋನಿನಿಂದ ಅವಳಾಗಿಯೇ ಮಾಡುವುದು ಅಪರೂಪ. ತಲುಪಿದೆಯಾ ಎಂದು ಕೇಳಿದಳು. ತಲುಪಿದೆ, ಗಂಟಿಲ್ಲದೆಯೂ ಬದುಕಿದ್ದೇನೆ ಅಂದೆ. ಆಮೇಲೆ ನಿಲ್ಲಿಸಲಾಗಲಿಲ್ಲ, ದಿನವಿಡೀ ದಾರಿಯಲ್ಲಿ ಹೇಳಿಕೊಂಡು ಬಂದದ್ದನ್ನೆಲ್ಲ ಅವಳ ಕಿವಿಗೆ ಹಾಕಿದೆ. ನಿನ್ನ ಮಗ ದೇವರ ಕೋಣೆಯನ್ನು ಒತ್ತೆಯಿಡುವ ಮನೆ ಮಾಡಿದ, ಒಡಹುಟ್ಟಿದವಳು ಲಾರಿ ಕೆಳಗೆ ಹೋದರೆ ಸಹಿ ಯಾರು ಹಾಕುತ್ತಾರೆ ಎಂದ, ಅವನ ಮುಖ ಇನ್ನು ನೋಡುವುದಿಲ್ಲ ಅಂದೆ. ಅವಳು ಮುಗಿಯುವ ತನಕ ಕೇಳಿದಳು.

"ಅವ್ನ ಮೇಲೆ ಆರಾಡ್ಬೇಡ," ಅಂದಳು. "ಗಂಟು ಪೂರ್ತಿ ಇಲ್ಲೇ ತಂದಿಡ್ಸಿದ್ದು ನಾನು. ಬೀಗ ಆಕಿ ಕೀ ಸೊಂಟಕ್ಕೆ ಸಿಗುಸ್ಕೊಂಡಿದ್ದೂ ನಾನೇ."

ಬೆಳಗಿನಿಂದ ನಾನು ಬೈದದ್ದು ಬೇರೆಯವರನ್ನು. ಯಾಕಮ್ಮ ಎಂದು ಕೇಳಿದೆ.

"ನಾನು ಅವ್ನ ಮನೇಲಿ ಉಣ್ಬೇಕಲ್ವಾ."

ಆಮೇಲೆ ನಿಧಾನವಾಗಿ ಹೇಳಿದಳು. ಎರಡು ವರ್ಷದಿಂದ ಅವಳು ತಟ್ಟೆಯ ಮುಂದೆ ಕೂತಾಗಲೆಲ್ಲ ಅಣ್ಣ ನನ್ನ ಸಹಿಯ ಮಾತು ತೆಗೆಯುತ್ತಾನಂತೆ. ಬೈಯುವುದಿಲ್ಲ, ಏನಿಲ್ಲ. ನಿನ್ನ ಮಗಳು ಇನ್ನೂ ಹಾಕಿಲ್ಲ ಅನ್ನುತ್ತಾನಂತೆ, ಅಷ್ಟೇ. ಅತ್ತಿಗೆ ಮುದ್ದೆ ಇಡುತ್ತಾಳಂತೆ, ಅವನು ಅದನ್ನೇ ಹೇಳುತ್ತಾನಂತೆ. ನೀನು ಹಾಕಿಬಿಟ್ಟರೆ ನೆಮ್ಮದಿಯಾಗಿ ಎರಡು ತುತ್ತು ತಿನ್ನಬಹುದು ಅಂದುಕೊಂಡೆ ಅಂದಳು. ನಾನು ಏಳು ವರ್ಷದಿಂದ ಅವಳನ್ನು ನನ್ನ ಮನೆಗೆ ಕರೆಯುತ್ತಿದ್ದೇನೆ. ಬಂದರೆ ಕಾಫಿ ಕುಡಿದು ಏಳುತ್ತಾಳೆ. ಅದನ್ನೇ ಮತ್ತೆ ಹೇಳಿದೆ, ಬಂದುಬಿಡು, ಇವತ್ತೇ ಬಾ, ಎದುರು ಮನೆಯಾಕೆಯ ಹತ್ತಿರ ಕೀ ಇದೆ ಅಂದೆ.

"ಮಗಳ ಮನೇಲಿ ಕೂತ್ಕೊಂಡು ಉಣ್ತಾರೇನೇ ಯಾರಾದ್ರೂ?" ಅಂದಳು.

ಬೈಗುಳವಾಗಿರಲಿಲ್ಲ ಅದು. ಹಾಗೆ ಉಂಡವರು ಎಲ್ಲಾದರೂ ಇದ್ದರೆ ತಿಳಿದುಕೊಳ್ಳೋಣ ಎಂಬಂತೆ ಕೇಳಿದಳು. ಅವಳ ತಾಯಿ ಉಂಡಿರಲಿಲ್ಲ, ಅವಳ ಅತ್ತೆ ಉಂಡಿರಲಿಲ್ಲ. ಮಗಳ ಗಂಟಿಗೆ ಬೀಗ ಹಾಕಬಹುದು, ಮಗಳ ಮನೆಯ ಅನ್ನ ತಿನ್ನಬಾರದು. ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಇವತ್ತಿಗೂ ಪೂರ್ತಿ ಹೋಗಿಲ್ಲ. ಆದರೆ ಅಲ್ಲಿಯವರೆಗೆ ಬರಿ ಹಟವಾಗಿದ್ದದ್ದಕ್ಕೆ ಆಗ ಒಂದು ಕಾರಣ ಸಿಕ್ಕಿತು.

"ನಾನು ಸೈನ್ ಹಾಕಲ್ಲಮ್ಮ," ಅಂದೆ. "ಆ ಜಾಗದಲ್ಲಿ ನನ್ ಪಾಲಿಗೆ ಒಂದು ಮನೆ ಬರ್ಲಿ. ಅದು ಮಗಳ ಮನೆ ಅಲ್ಲ, ನಿನ್ ಗಂಡನ ಜಾಗ. ಅಲ್ಲಿ ಕೂತ್ಕೊಂಡು ಉಣ್ಣು."

ಆ ಕಡೆಯಿಂದ ಟಿ.ವಿ.ಯ ಸದ್ದು ಕೇಳಿಸುತ್ತಿತ್ತು. ಕುಕ್ಕರ್ ಎರಡು ಸಲ ಕೂಗಿತು. ಬೈಯುತ್ತಾಳೆ, ಅಳುತ್ತಾಳೆ, ಇಲ್ಲವೇ ತವರಿಗೆ ಕಾಲಿಡಬೇಡ ಅನ್ನುತ್ತಾಳೆ ಎಂದು ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಕಾದೆ.

"ಅವ್ನು ಬಂದ, ಇಡ್ತೀನಿ," ಎಂದು ಪಿಸುಗುಟ್ಟಿ ಫೋನಿಟ್ಟಳು.

ಅಣ್ಣನಿಗೆ ಕೇಳಿಸಬಾರದ ಮಾತೊಂದು ನನ್ನ ಮತ್ತು ಅಮ್ಮನ ನಡುವೆ ಇದ್ದದ್ದು ಅದೇ ಮೊದಲು.